ಕರ್ಕೊಂಡು ಹೋಗೋದು, ಜೊತೆಗೆ ಹೋಗೋದು

'ಸೆಮ್ ಮುಗಿದ ತಕ್ಷಣ ಗೋಕರ್ಣ' ಅನ್ನೋ ವಾಟ್ಸಾಪ್ ಗ್ರೂಪ್ ನಮ್ಮ ಹಾಸ್ಟೆಲಿನ ಪ್ರತಿ ಫ್ಲೋರಿನಲ್ಲೂ ಒಂದಾದರೂ ಇರುತ್ತೆ. ಹದಿನಾಲ್ಕು ಜನ 'ನಾನ್ ರೆಡಿ' ಅಂತಾರೆ. ಡೇಟ್ ಫಿಕ್ಸ್ ಮಾಡೋ ದಿನ ಆರು ಜನ ಉಳೀತಾರೆ. ಅಡ್ವಾನ್ಸ್ ಹಾಕಿ ಅಂದ ದಿನ ಗ್ರೂಪೇ ತಣ್ಣಗಾಗುತ್ತೆ. ಈ ಲೇಖನ ಆ ಗ್ರೂಪಿನ ಬಗ್ಗೆ ಅಲ್ಲ. ಈ ಜನವರಿಯಲ್ಲಿ ನಾನು ಗೋಕರ್ಣಕ್ಕೆ ಹೋಗಿದ್ದು ಅಪ್ಪ, ಅಮ್ಮ, ಅಕ್ಕ, ತಮ್ಮನ ಜೊತೆ. "ಫ್ಯಾಮಿಲಿ ಜೊತೆ ಬೀಚಾ? ಪಾಪ ಕಣೋ ನೀನು" ಅಂದರು ರೂಮ್‌ಮೇಟ್‌ಗಳು. ಅವರಿಗೂ ಸೇರಿಸಿಯೇ ಇದನ್ನ ಬರೀತಿದ್ದೀನಿ.

ನಮ್ಮ ಮನೆ ಹಾಸನದಲ್ಲಿ. ಅಪ್ಪ ಹೈಸ್ಕೂಲಲ್ಲಿ ಗಣಿತದ ಮೇಷ್ಟ್ರು. ನಾವು ಚಿಕ್ಕವರಿದ್ದಾಗ ಪ್ರವಾಸ ಅಂದ್ರೆ ಅಪ್ಪನ ನೋಟ್‌ಬುಕ್ಕು. ಎಷ್ಟು ಗಂಟೆಗೆ ಏಳೋದು, ಯಾವ ಬಸ್ಸು, ಯಾವ ದೇವಸ್ಥಾನ, ಎಲ್ಲಿ ಊಟ, ಎಲ್ಲಾ ಅದರಲ್ಲಿ ಬರೆದಿರುತ್ತಿತ್ತು. ಅಮ್ಮ ಹಿಂದಿನ ರಾತ್ರಿಯೇ ಪುಳಿಯೋಗರೆ ಕಲಸಿ, ಚಪಾತಿ ಸುಟ್ಟು, ಚಟ್ನಿಪುಡಿ ಡಬ್ಬಿ ತುಂಬಿಸೋಳು. ನಾವು ಮೂರು ಜನ ಬ್ಯಾಗಿನ ಹಾಗೆ ಹತ್ತಿ ಇಳಿಯೋದು, ಅಷ್ಟೇ. ಧರ್ಮಸ್ಥಳ, ಕುಕ್ಕೆ, ಶೃಂಗೇರಿ, ಹೊರನಾಡು, ಎಲ್ಲಾ ಹಾಗೇ ಆಗಿದ್ದು.

ಈಗ ಅಕ್ಕನಿಗೆ 24, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ನನಗೆ 20. ತಮ್ಮನಿಗೆ 17, ಫಸ್ಟ್ ಪಿಯುಸಿ. ಕಳೆದ ದೀಪಾವಳಿಗೆ ಎಲ್ಲರೂ ಮನೇಲಿದ್ದಾಗ ಅಕ್ಕ ಹೇಳಿದಳು: "ಜನವರಿಯಲ್ಲಿ ಸಮುದ್ರದ ಕಡೆ ಹೋಗೋಣ. ಎರಡು ರಾತ್ರಿ ಒಂದೇ ಕಡೆ ಇರೋಣ, ಓಡಾಟ ಬೇಡ. ರೆಸಾರ್ಟ್ ದುಡ್ಡು ನಾನು ಕೊಡ್ತೀನಿ."

ಅಪ್ಪ ಆಗಲೇ ನೋಟ್‌ಬುಕ್ ತೆಗೆದಿದ್ದರು. ಅದನ್ನ ಮುಚ್ಚಿ ಟೀಪಾಯಿ ಮೇಲಿಟ್ಟು ಕೇಳಿದರು: "ಹಾಗಾದ್ರೆ ನಾನೇನ್ ಮಾಡ್ಲಿ?"

ಅದು ಕೋಪದ ಮಾತಲ್ಲ. ಕೋಪ ಆಗಿದ್ದರೆ ನಮಗೆ ಸುಲಭ ಆಗ್ತಿತ್ತು. ಇಪ್ಪತ್ತು ವರ್ಷ ಮನೆಯವರನ್ನೆಲ್ಲ ಕರ್ಕೊಂಡು ಹೋದ ಮನುಷ್ಯ ಕೈ ಖಾಲಿ ಮಾಡಿಕೊಂಡು ಕೂತು ಕೇಳಿದ ಪ್ರಶ್ನೆ ಅದು. ಟಿವಿ ಒಂದು ತನ್ನ ಪಾಡಿಗೆ ಓಡ್ತಿತ್ತು. ಕೊನೆಗೆ ಅಮ್ಮ ಅಂದಳು: "ನೀವು ಸುಮ್ನೆ ಬನ್ನಿ. ಜೊತೆಗೆ ಬನ್ನಿ, ಅಷ್ಟೇ."

ಕರ್ಕೊಂಡು ಹೋಗೋದಕ್ಕೂ ಜೊತೆಗೆ ಹೋಗೋದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ಮುಂದಿನ ಮೂರು ತಿಂಗಳಲ್ಲಿ ಗೊತ್ತಾಯಿತು. ಕರ್ಕೊಂಡು ಹೋಗೋದಾದರೆ ಒಬ್ಬರ ತಲೆ ಸಾಕು. ಜೊತೆಗೆ ಹೋಗೋದಾದರೆ ಐದೂ ತಲೆ ಬೇಕು.

ಮೊದಲ ಸಮಸ್ಯೆ ತಾರೀಕು. ಇದು ಶುದ್ಧ ಸೆಟ್ ಥಿಯರಿ. ನನ್ನ ಪರೀಕ್ಷೆ, ತಮ್ಮನ ಕಾಲೇಜು, ಅಪ್ಪನ ಸಿಎಲ್, ಅಕ್ಕನ ರಜೆ, ಈ ನಾಲ್ಕರ ಛೇದನ ಗಣ ಹೆಚ್ಚು ಕಡಿಮೆ ಶೂನ್ಯ. ಅದರ ಮೇಲೆ ಸಮುದ್ರದ ಕ್ಯಾಲೆಂಡರ್ ಬೇರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕರಾವಳಿಯಲ್ಲಿ ಕಡಲು ಉಕ್ಕುತ್ತಿರುತ್ತೆ, ನೀರಿಗಿಳಿಯೋ ಮಾತೇ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸೆಕೆಗೆ ಬೆವರು ಆರೋದೇ ಇಲ್ಲ. ಜನವರಿ ಸರಿ. ಆದರೆ 26 ಸೋಮವಾರ ಬಂದಿತ್ತು. ಅಂದ್ರೆ ಮೂರು ದಿನದ ರಜೆ, ಅರ್ಧ ಬೆಂಗಳೂರು ಗೋಕರ್ಣದಲ್ಲಿ. ಅದಕ್ಕೆ 27ರ ಮಂಗಳವಾರ ರಾತ್ರಿ ಹೊರಟು ಶನಿವಾರ ಬೆಳಗ್ಗೆ ವಾಪಸ್ ಅಂತ ತೀರ್ಮಾನ ಆಯ್ತು. ವಾರದ ನಡುವೆ ರೂಮಿನ ರೇಟು ಇಳಿದಿರುತ್ತೆ, ಬೀಚಿನಲ್ಲಿ ಕಾಲಿಡೋಕೆ ಜಾಗವೂ ಇರುತ್ತೆ.

ರೈಲು ಪಂಚಗಂಗಾ ಎಕ್ಸ್‌ಪ್ರೆಸ್. ರಾತ್ರಿ ಹಾಸನದಲ್ಲಿ ಹತ್ತಿದರೆ ಬೆಳಗ್ಗೆ ಗೋಕರ್ಣ ರೋಡ್. ರೈಲ್ವೆಯ ಮುಂಗಡ ಬುಕಿಂಗ್ ಮೊದಲು 120 ದಿನ ಇತ್ತು. 2024ರ ನವೆಂಬರ್‌ನಿಂದ ಅದು 60 ದಿನಕ್ಕೆ ಇಳಿದಿದೆ. ಹಾಗಾಗಿ ನವೆಂಬರ್ 28ರ ಬೆಳಗ್ಗೆ ಎಂಟಕ್ಕೆ ಅಪ್ಪ ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ಟಿಕೆಟ್ ಅವರದೇ ದುಡ್ಡು, ಅವರದೇ ಜವಾಬ್ದಾರಿ ಅಂತ ನಾವೇ ಬಿಟ್ಟುಕೊಟ್ಟಿದ್ದೆವು. ಐದೂ ಸೀಟು ಒಂದೇ ಬೋಗಿಯಲ್ಲಿ ಸಿಕ್ಕಾಗ ಅವರು ಮಾಡಿದ ಫೋನಿನಲ್ಲಿ ದೀಪಾವಳಿಯ ದಿನದ ದನಿ ಇರಲಿಲ್ಲ.

ಇನ್ನು ರೂಮು. ಇಲ್ಲಿ ಒಂದು ವಿಷಯ ಗೊತ್ತಿರಲಿ. ವೆಬ್‌ಸೈಟುಗಳ 'ಫ್ಯಾಮಿಲಿ ರೂಮ್' ಅಂದ್ರೆ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು. ಸಾಮಾನ್ಯವಾಗಿ 12 ದಾಟಿದರೆ ರೆಸಾರ್ಟಿನವರ ಲೆಕ್ಕದಲ್ಲಿ ನೀವು ಮಕ್ಕಳಲ್ಲ. ಅಮ್ಮನ ಲೆಕ್ಕದಲ್ಲಿ ಅಕ್ಕ ಇನ್ನೂ ಮಗು, ಅದು ಬೇರೆ ವಿಚಾರ. ಆದ್ದರಿಂದ ಎರಡು ರೂಮು, ಒಂದರಲ್ಲಿ ಎಕ್ಸ್‌ಟ್ರಾ ಬೆಡ್. ಜಿಎಸ್‌ಟಿಯಲ್ಲೂ ಒಂದು ಮೆಟ್ಟಿಲಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇಕಡಾ 5 ತೆರಿಗೆ, ಅದನ್ನ ದಾಟಿದರೆ 18. ಅಕ್ಕ ಮೊದಲು ನೋಡಿದ್ದ ರೂಮು 7,600ರದ್ದು. ತೆರಿಗೆ ಸೇರಿ 8,968. ಅದೇ 7,500 ಆಗಿದ್ದರೆ 7,875. ನೂರು ರೂಪಾಯಿ ವ್ಯತ್ಯಾಸಕ್ಕೆ 1,093 ಜಾಸ್ತಿ! ಇದನ್ನ ಹಾಳೆ ಮೇಲೆ ಬಿಡಿಸಿ ತೋರಿಸಿದ್ದು ಅಪ್ಪ. ಕೊನೆಗೆ ಕುಡ್ಲೆ ಬೀಚಿನ ಮೇಲಿನ ಗುಡ್ಡದಲ್ಲಿ, ತಿಂಡಿ ಸೇರಿ 4,200ರ ರೂಮುಗಳು ಸಿಕ್ಕವು. ಎರಡು ರೂಮು, ಎರಡು ರಾತ್ರಿ, ರಾತ್ರಿಗೆ ಸಾವಿರದಂತೆ ಒಂದು ಎಕ್ಸ್‌ಟ್ರಾ ಬೆಡ್, ತೆರಿಗೆ, ಎಲ್ಲಾ ಸೇರಿ 19,740. ಅದು ಅಕ್ಕನ ಪಾಲು. ಅಲ್ಲಿನ ಆಟೋ, ಬೋಟು, ಟೀ ಕಾಫಿ ಎಲ್ಲಾ ನನ್ನ ಇಂಟರ್ನ್‌ಶಿಪ್ ಸ್ಟೈಪೆಂಡಿನಲ್ಲಿ. ದುಡ್ಡು ಕೊಟ್ಟವರೇ ಪ್ಲಾನ್ ಮಾಡೋದು ಅನ್ನೋ ಹಳೇ ನಿಯಮ ಅಲ್ಲಿಗೆ ಮುಗೀತು, ಯಾಕಂದ್ರೆ ಈಗ ಮೂರು ಜನ ಕೊಡ್ತಿದ್ವಿ.

ಆಮೇಲೆ ಒಬ್ಬೊಬ್ಬರ ಆಸೆ. ಸಂಕ್ರಾಂತಿ ದಿನ ಎಳ್ಳುಬೆಲ್ಲದ ತಟ್ಟೆ ಮುಂದೆ ತಮ್ಮ ಚೀಟಿ ಹಂಚಿದ. "ಒಬ್ಬರಿಗೆ ಒಂದೇ ಆಸೆ, ಬೇರೆಯವರು ವೀಟೋ ಮಾಡಂಗಿಲ್ಲ, ಚರ್ಚೆ ಮಾಡಬಹುದು." ಅಪ್ಪ ಬರೆದಿದ್ದು ಮಹಾಬಲೇಶ್ವರನ ದರ್ಶನ. ಅಕ್ಕ ಬರೆದಿದ್ದು 'ರಾತ್ರಿ ಊಟ ಮಾತ್ರ ಎಲ್ಲರೂ ಒಟ್ಟಿಗೆ, ಫೋನ್ ಇಲ್ಲದೆ'. ನಾನು ಬರೆದಿದ್ದು ಓಂ ಬೀಚಿನಿಂದ ಹಾಫ್ ಮೂನ್‌ಗೆ ಗುಡ್ಡದ ದಾರಿಯಲ್ಲಿ ನಡಿಗೆ. ಅಮ್ಮನ ಚೀಟಿ ಖಾಲಿ. "ನಂದೇನಿಲ್ಲ, ನೀವೆಲ್ಲ ಖುಷಿಯಾಗಿದ್ರೆ ಸಾಕು." ತಮ್ಮ ಬಿಡಲಿಲ್ಲ, ಚೀಟಿ ವಾಪಸ್ ಕೊಟ್ಟ. ಅಮ್ಮ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತು ಬರೆದಳು: 'ಬೆಳಗ್ಗೆ ತಿಂಡಿ ಏನು ಅಂತ ಯಾರೂ ನನ್ನ ಕೇಳಬಾರದು. ನೀರಲ್ಲಿ ಕೂರಬೇಕು.'

ಕೊನೆಯ ಚೀಟಿ ತಮ್ಮನದು: 'ಒಂದು ಸಂಜೆ ಒಬ್ಬನೇ ಬೀಚಲ್ಲಿ ನಡೀಬೇಕು.'

ಅಪ್ಪ "ಆಗಲ್ಲ" ಅಂದರು. ವೀಟೋ ಇಲ್ಲ ಅಂತ ತಮ್ಮ ನೆನಪಿಸಿದ. ಅಪ್ಪ ಮತ್ತೆ "ಆಗಲ್ಲ" ಅಂದರು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ನಮಗೆಲ್ಲ ಅದು ಒಂದು ದಿನದ ಸುದ್ದಿ. ಪ್ರತಿ ವರ್ಷ ಶಾಲೆ ಮಕ್ಕಳನ್ನ ಪ್ರವಾಸಕ್ಕೆ ಕರ್ಕೊಂಡು ಹೋಗೋ ಮೇಷ್ಟ್ರಿಗೆ ಅದು ಹಾಗಲ್ಲ. ಬಸ್ ಹತ್ತಿಸುವಾಗ ತಲೆ ಎಣಿಸಿ, ಇಳಿಸುವಾಗ ತಲೆ ಎಣಿಸಿ ಅಭ್ಯಾಸ ಆದವರು ಅವರು. ಅವರ ಭಯಕ್ಕೆ ಕಾರಣ ಇತ್ತು. 17 ವರ್ಷದವನ ಆಸೆಗೂ ಕಾರಣ ಇತ್ತು.

ಚರ್ಚೆ ಎರಡು ದಿನ ನಡೀತು. ಕೊನೆಗೆ ಅಪ್ಪ ಪರೀಕ್ಷೆ ಇಟ್ಟರು: "ರಿಪ್ ಕರೆಂಟ್ ಅಂದ್ರೇನು, ಓದಿ ನನಗೆ ಪಾಠ ಮಾಡು." ತಮ್ಮ ಕ್ಯಾಲೆಂಡರ್ ಹಿಂಬದಿಯಲ್ಲಿ ಚಿತ್ರ ಬರೆದು ಹೇಳಿದ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹೇಗಾದರೂ ವಾಪಸ್ ಹೋಗಲೇಬೇಕು. ಮರಳಿನ ದಿಬ್ಬಗಳ ನಡುವೆ ಸಂದು ಸಿಕ್ಕರೆ ಎಲ್ಲಾ ನೀರೂ ಅಲ್ಲಿಂದಲೇ ನುಗ್ಗುತ್ತೆ, ನಲ್ಲಿ ಪೈಪಿನ ಬಾಯಿ ಒತ್ತಿ ಹಿಡಿದ ಹಾಗೆ. ಅಲ್ಲಿ ಅಲೆ ಒಡೆಯೋದಿಲ್ಲ. ಅದಕ್ಕೇ ನೋಡೋಕೆ ಆ ಜಾಗವೇ ಶಾಂತವಾಗಿ ಕಾಣುತ್ತೆ, ಗೊತ್ತಿಲ್ಲದವರು ಅಲ್ಲೇ ಇಳೀತಾರೆ. ಸಿಕ್ಕಿಕೊಂಡರೆ ದಡದ ಕಡೆ ಈಜಿ ಸುಸ್ತಾಗಬಾರದು. ತೇಲುತ್ತಾ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ಬರಬೇಕು. ನಿಮ್ಮ ಗ್ಯಾಂಗಿನ ಗೋಕರ್ಣ ಪ್ಲಾನ್ ನಿಜವಾಗಿಯೂ ನಡೆದರೆ ಇದೊಂದನ್ನ ನೆನಪಿಟ್ಟುಕೊಳ್ಳಿ.

ಒಪ್ಪಂದ ಆಯ್ತು. ಲೈಫ್‌ಗಾರ್ಡ್ ಇರೋ ಕಡೆ ಮಾತ್ರ ನೀರು, ಸೊಂಟದ ತನಕ ಮಾತ್ರ, ಯಾರೂ ಒಬ್ಬರೇ ಇಳಿಯೋ ಹಾಗಿಲ್ಲ, ಕತ್ತಲಾದ ಮೇಲೆ ಯಾರಿಗೂ ನೀರಿಲ್ಲ. ಈ ನಿಯಮ ಅಪ್ಪನಿಗೂ ಅನ್ವಯ. ತಮ್ಮ ಒಬ್ಬನೇ ನಡೀಬಹುದು, ಮರಳಿನ ಮೇಲೆ, ಕುಡ್ಲೆಯ ಒಂದು ತುದಿಯಿಂದ ಇನ್ನೊಂದು ತುದಿಗೆ, ಏಳಕ್ಕೆ ಮೊದಲು ವಾಪಸ್.

ಬುಧವಾರ ಬೆಳಗ್ಗೆ ಇಳಿದಾಗ ಚೆಕ್-ಇನ್‌ಗೆ ಇನ್ನೂ ಸಮಯ ಇತ್ತು. ಮೊದಲೇ ಫೋನ್ ಮಾಡಿ ಕೇಳಿದ್ದರಿಂದ ರೆಸಾರ್ಟಿನವರು ಲಗೇಜ್ ಇಟ್ಟುಕೊಂಡು ಸ್ನಾನಕ್ಕೆ ಒಂದು ರೂಮು ಬಿಟ್ಟುಕೊಟ್ಟರು. ಆ ಖಾಲಿ ಹೊತ್ತಿನಲ್ಲಿ ಅಪ್ಪನ ದರ್ಶನ ಆಯ್ತು. ಮಧ್ಯಾಹ್ನ ನಾವು ಮೂರು ಜನ ಹಾಫ್ ಮೂನ್‌ಗೆ ನಡೆದ್ವಿ. ಅಕ್ಕ ಕೆಲಸ ಬದಲಾಯಿಸೋ ಯೋಚನೆಯಲ್ಲಿದ್ದಾಳೆ, ಪುಣೆಗೆ ಹೋಗಬಹುದು ಅಂತ ಆ ಗುಡ್ಡದ ದಾರಿಯಲ್ಲೇ ನಮಗೆ ಗೊತ್ತಾಗಿದ್ದು. ಮುಂದಿನ ವರ್ಷ ಈ ಹೊತ್ತಿಗೆ ನನ್ನ ಪ್ಲೇಸ್‌ಮೆಂಟು, ತಮ್ಮನ ಸೆಕೆಂಡ್ ಪಿಯು ಪರೀಕ್ಷೆ. ಐದು ಜನರ ಛೇದನ ಗಣ ಮತ್ತೆ ಯಾವಾಗ ಸಿಗುತ್ತೋ ಅಂತ ಮೂವರೂ ಯೋಚಿಸಿದೆವು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಗುರುವಾರ ಅಮ್ಮ ಎದ್ದಿದ್ದು ಎಂಟೂವರೆಗೆ. ತಿಂಡಿ ಏನು ಅಂತ ಯಾರೂ ಕೇಳಲಿಲ್ಲ. ಹೊಸ ಚೂಡಿದಾರ್ ಹಾಕಿಕೊಂಡು ಬಂದು ಅಲೆ ಬಂದು ಮುಟ್ಟೋ ಜಾಗದಲ್ಲಿ ಕೂತಳು. ಒಂದು ಗಂಟೆ. ಎರಡು ಗಂಟೆ. ಪ್ರತಿ ಅಲೆಗೂ ಸಣ್ಣಗೆ ಕಿರುಚೋಳು. ಅಪ್ಪ ಪರೀಕ್ಷಾ ಹಾಲಿನಲ್ಲಿ ನಿಂತ ಹಾಗೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದವರು, ಆಮೇಲೆ ಪ್ಯಾಂಟ್ ಮಡಚಿ ಪಕ್ಕದಲ್ಲಿ ಕೂತರು. ಇಬ್ಬರೂ ಏನು ಮಾತಾಡಿದರೋ ಗೊತ್ತಿಲ್ಲ. ನಾವು ದೂರ ಇದ್ವಿ, ದೂರ ಇರೋದೂ ಪ್ಲಾನಿನ ಭಾಗವೇ ಆಗಿತ್ತು.

ಆ ಸಂಜೆ ತಮ್ಮ ಹೊರಟ. ಆರೂವರೆಗೆ ಸೂರ್ಯ ಮುಳುಗಿದ. ಅಪ್ಪ ಕುರ್ಚಿ ತಿರುಗಿಸಿ ಕೂತು ದೂರದಲ್ಲಿ ಕಾಣೋ ತಲೆಗಳನ್ನ ನೋಡ್ತಿದ್ದರು. ಫೋನ್ ಕೈಯಲ್ಲೇ ಇತ್ತು, ಮಾಡಲಿಲ್ಲ. ಆರು ಐವತ್ತಕ್ಕೆ ತಮ್ಮ ಬಂದ, ಕೈಯಲ್ಲಿ ಬಿಸಿ ಕಡಲೆಕಾಯಿ ಪೊಟ್ಟಣ, ತನ್ನ ದುಡ್ಡಲ್ಲಿ ಕೊಂಡಿದ್ದು. ಅಪ್ಪನ ಮುಂದೆ ಹಿಡಿದ. ಅಪ್ಪ ನಾಲ್ಕು ಕಾಳು ತಗೊಂಡು "ಉಪ್ಪು ಜಾಸ್ತಿ ಆಯ್ತು" ಅಂದರು. ಹುಣ್ಣಿಮೆಗೆ ಇನ್ನು ಮೂರು ದಿನ, ಬೆಳದಿಂಗಳು ಚೆನ್ನಾಗಿತ್ತು. ಫೋನ್ ಇಲ್ಲದ ಆ ಊಟ ಹತ್ತೂವರೆ ತನಕ ನಡೀತು. ಪುಣೆ ವಿಷಯವನ್ನ ಅಕ್ಕ ಅಲ್ಲೇ ಹೇಳಿದಳು.

ಶುಕ್ರವಾರ ಬೆಳಗ್ಗೆ ಚೆಕ್-ಔಟ್, ರೈಲು ಸಂಜೆ. ಆ ಹೊತ್ತನ್ನ ಅಪ್ಪ ತುಂಬಿಸಿದರು: ರೈಲು ಹೊರಡೋದೇ ಕಾರವಾರದಿಂದ, ಅಲ್ಲಿಗೇ ಹೋಗಿ ಹತ್ತೋಣ, ಟ್ಯಾಗೋರ್ ಬೀಚ್ ನೋಡಿದ ಹಾಗಾಯ್ತು. ಅಲ್ಲಿ ಮರಳಲ್ಲಿ ಕೂತು ಅವರೇ ಕಥೆ ಹೇಳಿದರು. ಟ್ಯಾಗೋರರ ಅಣ್ಣ ಸತ್ಯೇಂದ್ರನಾಥ ಕಾರವಾರದಲ್ಲಿ ಜಡ್ಜ್ ಆಗಿದ್ದಾಗ ರವೀಂದ್ರನಾಥರು ಇಲ್ಲಿಗೆ ಬಂದು ಉಳಿದಿದ್ದು, 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದು ಇಲ್ಲೇ. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು. "ನೋಡು, ಅವರೂ ಮನೆಯವರ ಜೊತೆಗೇ ಬಂದಿದ್ದು" ಅಂತ ನನ್ನ ಕಡೆ ನೋಡಿದರು. ಇದನ್ನ ರೂಮ್‌ಮೇಟ್‌ಗಳಿಗೆ ತಲುಪಿಸಿದ್ದೀನಿ.

ನಿಮ್ಮಲ್ಲಿ ಬಹಳ ಜನರ ಮನೆಯಲ್ಲೂ ಇದೇ ವಯಸ್ಸಿನ ಲೆಕ್ಕ ಇರುತ್ತೆ. ಈ ಸೆಮ್ ರಜೆಗೆ ಆಗದಿದ್ದರೂ ಪರವಾಗಿಲ್ಲ, ಈಗಲೇ ಒಂದು ಫೋನ್ ಮಾಡಿ. ರೆಸಾರ್ಟೇ ಆಗಬೇಕು ಅಂತಿಲ್ಲ, ಒಂದು ರಾತ್ರಿ ಆದರೂ ಸಾಕು. ಟಿಕೆಟ್ ಕೆಲಸ ಅಪ್ಪನಿಗೇ ಬಿಡಿ. ಅಮ್ಮನಿಗೆ ಏನು ಬೇಕು ಅಂತ ಕೇಳಿ. "ನಂಗೇನೂ ಬೇಡಪ್ಪ" ಅಂತಾರೆ. ಇನ್ನೊಂದು ಸಲ ಕೇಳಿ.