ಜರ್ಮನರ ಇಂಗ್ಲಿಷೂ ನಮ್ಮ ಇಂಗ್ಲಿಷೂ

ಸ್ಮರಣ ಸಂಚಿಕೆಗಾಗಿ ನಾಲ್ಕು ಮಾತುಗಳನ್ನು ಬರೆದು ಕಳುಹಿಸಬೇಕೆಂದು ನಮ್ಮ ಹಳೆಯ ಶಾಲೆಯಿಂದ ಅಪ್ಪಣೆ ಬಂದಾಗ ನಾವು ವಿಷಯಕ್ಕಾಗಿ ಬಹಳ ಹುಡುಕಬೇಕಾಗಲಿಲ್ಲ. ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಕಚೇರಿಯೊಂದರಲ್ಲಿ ಕೆಲವು ವರ್ಷಗಳಿಂದ ನಾವು ಕೆಲಸಮಾಡುತ್ತಿದ್ದೇವೆ. ಅಲ್ಲಿಯವರ ಮನೆಮಾತು ಜರ್ಮನ್, ನಮ್ಮದು ಕನ್ನಡ. ಪತ್ರವ್ಯವಹಾರವೋ ಇಬ್ಬರಿಗೂ ಪರಭಾಷೆಯಾದ ಇಂಗ್ಲಿಷಿನಲ್ಲಿ. ಇದರಿಂದ ಉಂಟಾಗುವ ಸಂಕಟಗಳನ್ನೂ ಅವುಗಳ ಪರಿಹಾರವನ್ನೂ ಇಲ್ಲಿ ಅರಿಕೆಮಾಡುತ್ತೇವೆ.

ಕೆಲಸಕ್ಕೆ ಸೇರಿದ ಮೊದಲನೆಯ ತಿಂಗಳಲ್ಲಿಯೇ ಹಿರಿಯ ಸಹೋದ್ಯೋಗಿಯೊಬ್ಬರಿಂದ ಒಂದು ಸಾಲಿನ ಪತ್ರ ಬಂದಿತು: ‘ಯು ಮಸ್ಟ್ ನಾಟ್ ಕಮ್ ಟು ದ ಮೀಟಿಂಗ್.’ ಸಭೆಗೆ ನೀವು ಬರಕೂಡದು! ನಮ್ಮಿಂದ ಏನು ಅಪರಾಧವಾಯಿತೋ ಎಂದು ಆ ರಾತ್ರಿ ನಿದ್ರೆ ಹತ್ತಲಿಲ್ಲ. ಊರಿಗೆ ಹಿಂದಿರುಗಿಬಿಡೋಣವೆಂಬ ಯೋಚನೆಯೂ ಸುಳಿಯಿತು. ಮರುದಿನ ಅವರೇ ನಮ್ಮ ಮೇಜಿನ ಬಳಿಗೆ ಬಂದು, “ನಿಮಗೆ ಕೆಲಸ ಹೆಚ್ಚಾಗಿದ್ದುದನ್ನು ಕಂಡು ಸಭೆಯಿಂದ ಬಿಡುವು ಕೊಟ್ಟೆನು” ಎಂದರು. ಜರ್ಮನಿನಲ್ಲಿ ‘ಮುಸ್ ನಿಖ್ಟ್’ ಎಂದರೆ ಬೇಕಾಗಿಲ್ಲ. ಕೂಡದು ಎನ್ನುವುದಕ್ಕೆ ‘ಡಾರ್ಫ್ ನಿಖ್ಟ್’ ಎಂಬ ಬೇರೆ ಮಾತುಂಟು. ಅವರು ತಮ್ಮ ಮಾತನ್ನು ಪದಕ್ಕೆ ಪದವಾಗಿ ಇಂಗ್ಲಿಷಿಗೆ ತಂದಿದ್ದರು. ‘ನೀಡ್ ನಾಟ್’ ಎಂದು ಬರೆದಿದ್ದರೆ ನಮ್ಮ ನಿದ್ರೆ ಉಳಿಯುತ್ತಿತ್ತು.

ಅಂದಿನಿಂದ ಅವರು ತಮ್ಮ ಇಂಗ್ಲಿಷ್ ಪತ್ರಗಳನ್ನು ನಮಗೆ ತೋರಿಸತೊಡಗಿದರು. ನಾವೂ ಒಂದು ಟಿಪ್ಪಣಿ ಪುಸ್ತಕವನ್ನಿಟ್ಟೆವು. ಅದರಿಂದ ಕೆಲವನ್ನು ಹೇಳುತ್ತೇವೆ. ಜರ್ಮನಿನ ‘ಬೆಕೊಮೆನ್’ ಎಂದರೆ ಪಡೆಯುವುದು. ಅದನ್ನು ‘ಬಿಕಮ್’ ಎಂದು ಬರೆದವನು ಪತ್ರವನ್ನು ಪಡೆಯುವ ಬದಲು ತಾನೇ ಪತ್ರವಾಗಿಬಿಡುತ್ತಾನೆ! ಇದರಲ್ಲಿ ನಗೆಯುಂಟೇ ಹೊರತು ನಷ್ಟವಿಲ್ಲ. ‘ಎವೆಂಟುವೆಲ್’ ಹಾಗಲ್ಲ. ಅದರ ಅರ್ಥ ‘ಆದರೂ ಆದೀತು’ ಎಂದು. ಇಂಗ್ಲಿಷಿನ ‘ಇವೆಂಚುಅಲಿ’ಗೆ ‘ಕೊನೆಗಾದರೂ ಆಗುವುದು’ ಎಂದರ್ಥ. ಸರಕನ್ನು ಕೊಂಡರೂ ಕೊಂಡೇವು ಎಂಬ ಮಾತು ಹೀಗೆ ವಾಗ್ದಾನವಾಗುತ್ತದೆ. ‘ಪಾಸಿಬ್ಲಿ’ ಎಂದು ಬರೆಯುವುದು ಕ್ಷೇಮ. ‘ಬಿಸ್’ ಎಂಬ ಒಂದೇ ಶಬ್ದವು ಶುಕ್ರವಾರದೊಳಗೆ ಎನ್ನುವುದಕ್ಕೂ ಶುಕ್ರವಾರದ ತನಕ ಎನ್ನುವುದಕ್ಕೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಬೈ’, ಎರಡನೆಯದು ‘ಅಂಟಿಲ್’.

ಅಂಕೆಗಳಲ್ಲಿ ಇನ್ನೂ ಹೆಚ್ಚಿನ ಜಾಗರೂಕತೆ ಬೇಕು. ಜರ್ಮನರು 1.500 ಎಂದು ಬರೆದರೆ ಒಂದು ಸಾವಿರದ ಐನೂರು. ಇಂಗ್ಲಿಷಿನವರಿಗೆ ಅದು ಒಂದೂವರೆ ಮಾತ್ರ. ಜರ್ಮನಿನ ‘ಬಿಲಿಯೋನ್’ ಲಕ್ಷ ಕೋಟಿ. ಇಂಗ್ಲಿಷಿನ ‘ಬಿಲಿಯನ್’ ಈಗ ನೂರು ಕೋಟಿ. ‘ಹಾಲ್ಪ್ ಡ್ರೈ’ ಎಂದರೆ ಎರಡೂವರೆ ಗಂಟೆ. ಬ್ರಿಟಿಷರು ‘ಹಾಫ್ ತ್ರೀ’ ಎಂದರೆ ಮೂರೂವರೆ. ಆದಕಾರಣ ಪತ್ರದಲ್ಲಿ ಹೊತ್ತನ್ನು 2:30 ಎಂದು ಅಂಕೆಯಲ್ಲಿಯೇ ಬರೆಯಬೇಕು.

ಇಷ್ಟನ್ನು ತಿದ್ದಿದ ನಾವು ತಪ್ಪು ಮಾಡಲಿಲ್ಲವೇ? ಒಮ್ಮೆ ಅದೇ ಹಿರಿಯರಿಗೆ, ‘ನಿಮ್ಮ ಲೆಕ್ಕಪತ್ರದಲ್ಲಿ ನಮಗೆ ಎರಡು ಡೌಟುಗಳಿವೆ’ ಎಂದು ಇಂಗ್ಲಿಷಿನಲ್ಲಿ ಬರೆದೆವು. ಶಾಲೆಯಲ್ಲಿ ಉಪಾಧ್ಯಾಯಿನಿಯವರ ಮುಂದೆ ಕೈಯೆತ್ತಿ ‘ಒಂದು ಸಂದೇಹ’ ಎನ್ನುತ್ತಿದ್ದ ರೂಢಿ ನಮ್ಮದು. ಅವರಾದರೋ ತಮ್ಮ ಪ್ರಾಮಾಣಿಕತೆಯನ್ನೇ ಶಂಕಿಸಿದೆವೆಂದು ತಿಳಿದರು. ಸಂಜೆ ಎಲ್ಲರೂ ಹೊರಟುಹೋದ ಮೇಲೆ ದೀಪದ ಕೆಳಗೆ ಒಬ್ಬರೇ ಕುಳಿತು, ಲೆಕ್ಕವನ್ನು ಮೊದಲಿನಿಂದ ಕೂಡುತ್ತಿದ್ದುದನ್ನು ಕಂಡಾಗ ನಮ್ಮ ಕಣ್ಣು ತುಂಬಿತು. ‘ಕ್ವೆಸ್ಚನ್’ ಎನ್ನಬೇಕಾಗಿತ್ತು. ಕ್ಷಮೆ ಬೇಡಿದೆವು. ಅವರು ನಕ್ಕು, “ನಿಮ್ಮ ಒಂದು ರಾತ್ರಿಗೆ ನನ್ನ ಒಂದು ಸಂಜೆ ಸರಿಹೋಯಿತು” ಎಂದರು.

ಜರ್ಮನರಾದ ಕಿಟ್ಟೆಲರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ನಿಘಂಟಿನಲ್ಲಿ ಕನ್ನಡ ಶಬ್ದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಬರೆದರು. ಎರಡೂ ಅವರ ಮನೆಮಾತಲ್ಲ. ಒಂದೊಂದು ಶಬ್ದದ ಮುಂದೆಯೂ ಅವರು ಎಷ್ಟು ಹೊತ್ತು ನಿಂತಿರಬೇಕೆಂಬುದನ್ನು ನಾವು ಈಗ ಊಹಿಸಬಲ್ಲೆವು.

ಪ್ರಿಯ ಸೋದರಿಯರೇ, ಬೇಕಾಗಿಲ್ಲ, ಕೂಡದು. ಒಳಗೆ, ತನಕ: ಈ ಭೇದಗಳನ್ನು ಕನ್ನಡವು ನಮಗೆ ಬಾಲ್ಯದಲ್ಲಿಯೇ ಕಲಿಸಿದೆ. ಪರಭಾಷೆಯಲ್ಲಿ ಬರೆಯುವಾಗ ಅವನ್ನು ಕೈಬಿಡದಿರೋಣ. ತಾಯಿತಂದೆಗಳೂ ಮಕ್ಕಳ ಇಂಗ್ಲಿಷಿಗಾಗಿ ಅವರ ಕನ್ನಡವನ್ನು ಕಡೆಗಣಿಸದಿರಲಿ. ಪರದೇಶದವರಿಂದ ಕಠಿಣವಾದ ಪತ್ರ ಬಂದರೆ, ನೊಂದುಕೊಳ್ಳುವ ಮೊದಲು ಎದ್ದುಹೋಗಿ ಅರ್ಥವನ್ನು ಕೇಳೋಣ. ಆ ರಾತ್ರಿ ನಾವು ಮಾಡದೆ ಉಳಿದ ಕೆಲಸ ಅದೊಂದೇ.