ಮಾವನ ಕೆರೆಯೂ ಮೈಲುತುತ್ತವೂ

ಕಳೆದ ವರ್ಷ ಏಪ್ರಿಲ್‌ನಲ್ಲಿ ಅಜ್ಜನ ಮನೆಗೆ ಹೋಗಿದ್ದೆ. ಹೊನ್ನಾವರದಿಂದ ಗೇರುಸೊಪ್ಪ ರಸ್ತೆಯಲ್ಲಿ ಬಸ್ಸಿಳಿದು ಒಂದು ಮೈಲಿ ನಡೆದರೆ ಅಡಿಕೆ ತೋಟ, ಅದರ ಮೇಲ್ಗಡೆ ಕೆರೆ. ನಾವೆಲ್ಲ ಈಜು ಕಲಿತಿದ್ದು ಅಲ್ಲೇ. ಬ್ಯಾಗ್ ಇಟ್ಟವನೇ ಟವೆಲ್ಲು ಹೆಗಲಿಗೆ ಹಾಕ್ಕೊಂಡು ಹೊರಟರೆ ಅತ್ತೆ ತಡೆದ್ರು. "ತಮಾ, ಕೆರೆಗೆ ಇಳಿಯಡ. ಪೂರಾ ಹಸಿರಾಗೋಜು."

ಹೋಗಿ ನೋಡಿದೆ. ಯಾರೋ ಹಸಿರು ಪೇಂಟಿನ ಡಬ್ಬಿ ಮಗುಚಿದ ಹಾಗಿತ್ತು! ಗಾಳಿ ತಳ್ಳಿದ ಮೂಲೆಯಲ್ಲಿ ದಪ್ಪ ಕೆನೆ, ಕೊಳೆತ ಹುಲ್ಲಿನ ವಾಸನೆ. ದಂಡೆ ಮೇಲೆ ಮಾವ ನಿಂತಿದ್ರು, ಪಕ್ಕದಲ್ಲಿ ಒಂದು ಚೀಲ. ಚೀಲದೊಳಗೆ ನೀಲಿ ಹರಳು... ಮೈಲುತುತ್ತ.

ಅಡಿಕೆಯವರಿಗೆ ಇದರ ಪರಿಚಯ ಹೇಳಬೇಕಿಲ್ಲ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ಉಳಿದದ್ದು ಪ್ರತಿ ಮನೆಯ ಅಟ್ಟದಲ್ಲೂ ಇರುತ್ತೆ. "ಇವತ್ತು ಹಾಕಿರೆ ನಾಡಿದ್ದಿಗೆ ಕೆರೆ ಸ್ವಚ್ಛ" ಅಂದ್ರು ಮಾವ.

ಅವರು ಹೇಳಿದ್ದು ಸುಳ್ಳಲ್ಲ, ತಾಮ್ರ ಪಾಚಿಯನ್ನ ಕೊಲ್ಲುತ್ತೆ. ಆದರೆ ನನಗೆ ಎಂದೋ ಓದಿದ್ದು ಫಕ್ಕನೆ ನೆನಪಾಯ್ತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯಾಚೆ ಪಾಮ್ ಐಲ್ಯಾಂಡ್ ಅಂತ ಒಂದು ದ್ವೀಪ. 1979ರಲ್ಲಿ ಅಲ್ಲಿಯ ಕುಡಿಯುವ ನೀರಿನ ಸೊಲೊಮನ್ ಅಣೆಕಟ್ಟಿನಲ್ಲಿ ಹೀಗೇ ಪಾಚಿ ಉಕ್ಕಿತು. ಜನ ನೀರಿನ ರುಚಿ, ವಾಸನೆ ಬಗ್ಗೆ ದೂರಿದರು. ಇದೇ ಮೈಲುತುತ್ತ ಸುರಿದರು. ಕೆಲವೇ ದಿನಗಳಲ್ಲಿ ವಾಂತಿ, ಊದಿಕೊಂಡ ಯಕೃತ್ತು... 148 ಮಂದಿ ಕಾಯಿಲೆ ಬಿದ್ದರು, ಹೆಚ್ಚಿನವರು ಮಕ್ಕಳು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. 'ನಿಗೂಢ ರೋಗ' ಅಂತ ಮೊದಲು ಕರೆದರು. ಸಿಲಿಂಡ್ರೊಸ್ಪರ್ಮೊಪ್ಸಿಸ್ ಎಂಬ ನೀಲಿ-ಹಸಿರು ಪಾಚಿಯ ಕೈವಾಡ ಅಂತ ಗೊತ್ತಾಗಿದ್ದು ಆಮೇಲೆ. ಬದುಕಿರುವಾಗ ವಿಷದ ಬಹುಪಾಲು ಅದರ ಕೋಶದೊಳಗೇ ಇರಬಹುದು. ಕೊಂದರೆ ಕೋಶ ಒಡೆದು ಎಲ್ಲ ಒಟ್ಟಿಗೇ ನೀರಿಗೆ ಬರುತ್ತೆ. ನೋಡೋಕೆ ನೀರು ತಿಳಿ!

ಮಾವನ ಎರಡು ಎಮ್ಮೆ ಕುಡಿಯೋದು ಆ ಕೆರೆಯದ್ದೇ ನೀರು. "ಒಂದು ವಾರ ತಡಿ ಮಾವ, ಅಲ್ಲೀತನಕ ಬಾವಿ ನೀರು ಕೊಡು" ಅಂತ ಹೇಳಿ, ಬಿಸ್ಲೆರಿ ಬಾಟಲಿಯಲ್ಲಿ ಕೆರೆ ನೀರು ತುಂಬಿಕೊಂಡು ಭಟ್ಕಳಕ್ಕೆ ಹೊರಟೆ. ಅಲ್ಲಿ ನನ್ನ ಕ್ಲಾಸ್‌ಮೇಟ್ ಒಬ್ಬಳು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡ್ತಾಳೆ.

ಒಂದು ಹನಿಯನ್ನ ಸೂಕ್ಷ್ಮದರ್ಶಕದ ಕೆಳಗಿಟ್ಟು "ನೋಡು, ಇಬ್ಬರಿದ್ದಾರೆ" ಅಂದಳು. ಒಂದು ಲೋಳೆಯೊಳಗೆ ಗುಂಪುಗಟ್ಟಿದ ಸಾಸಿವೆಯಂಥ ಚುಕ್ಕಿಗಳು, ಮೈಕ್ರೋಸಿಸ್ಟಿಸ್. ಇನ್ನೊಂದು ಮಣಿಸರ, ಅನಬೀನಾ (ಈಗ ಇದರ ತೇಲುವ ಜಾತಿಗಳಿಗೆ ಡೊಲಿಕೊಸ್ಪರ್ಮಮ್ ಅಂತ ಹೊಸ ಹೆಸರಂತೆ, ನನ್ನ ನಾಲಿಗೆ ಹೊರಳಲ್ಲ :-) ). ಸರದಲ್ಲಿ ಅಲ್ಲಲ್ಲಿ ಒಂದು ದಪ್ಪ, ತಿಳಿ ಬಣ್ಣದ ಮಣಿ. ಗಾಳಿಯ ಸಾರಜನಕವನ್ನ ಹಿಡಿದು ಗೊಬ್ಬರ ಮಾಡೋದು ಆ ಮಣಿಯ ಕೆಲಸ. ಗದ್ದೆಗಳಲ್ಲಿ ಈ ಪಾಚಿಗಳು ಸಾರಜನಕ ಕೊಡ್ತವೆ ಅಂತ 1939ರಷ್ಟು ಹಿಂದೆಯೇ ಪಿ.ಕೆ. ಡೇ ತೋರಿಸಿದ್ದರು. ಮಾವ ಎಮ್ಮೆಗೆ ಅಂತ ಟಾರ್ಪಾಲಿನ ಗುಂಡಿಯಲ್ಲಿ ಬೆಳೆಸುವ ಅಜೋಲಾದ ಎಲೆಯೊಳಗೆ ಕೂತಿರೋದೂ ಇದೇ ಬಳಗದ್ದು.

ಇಬ್ಬರಿಗೂ ಬೇಕಾದ್ದು ಒಂದೇ, ಬಿಸಿಲು ಮತ್ತು ರಂಜಕ. ಇಬ್ಬರ ಹತ್ತಿರವೂ ಗಾಳಿ ತುಂಬಿದ ಪುಟ್ಟ ಚೀಲಗಳಿವೆ. ತೇಲಿ ಮೇಲೆ ಬಂದು ಬಿಸಿಲು ಹೀರ್ತಾರೆ, ಹೊಟ್ಟೆ ಭಾರವಾದಾಗ ಕೆಳಗಿಳೀತಾರೆ. ಕೆಳಗಿರುವ ಉಳಿದ ಪಾಚಿಗಳಿಗೆ ಕತ್ತಲೆ. ನೀರಿನಲ್ಲಿ ಸಾರಜನಕ ಮುಗಿದರೆ ಮಣಿಸರದವನ ಕಾಲ. ಆದರೆ ಅವನು ಹಿಡಿದ ಸಾರಜನಕ ಸ್ವಲ್ಪ ಸೋರುತ್ತೆ, ಸತ್ತ ಮೇಲೆ ಇನ್ನಷ್ಟು. ಅದನ್ನ ತಿಂದು ಮೈಕ್ರೋಸಿಸ್ಟಿಸ್ ಹೆಚ್ಚುತ್ತೆ. ಜಗಳವೂ ಹೌದು, ಕಡ ಕೊಟ್ಟು ತಗೊಳ್ಳೋದೂ ಹೌದು. ಒಂದೇ ನೀರಲ್ಲಿ, ಒಂದೇ ಊಟಕ್ಕೆ ಇಷ್ಟೊಂದು ಜಾತಿಗಳು ಹೇಗೆ ಉಳೀತವೆ ಅಂತ ಹಚಿನ್ಸನ್ 1961ರಲ್ಲೇ ಕೇಳಿದ್ದರು. ಒಬ್ಬರು ಪೂರ್ತಿ ಗೆಲ್ಲುವ ಮೊದಲೇ ನೀರಿನ ಪರಿಸ್ಥಿತಿ ಬದಲಾಗಿರುತ್ತೆ ಅನ್ನೋದು ಅವರು ಕೊಟ್ಟ ಉತ್ತರಗಳಲ್ಲೊಂದು.

"ವಿಷ ಇದೆಯಾ?" ಅಂತ ಕೇಳಿದೆ. "ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ ಮಾರಾಯ. ಮೈಕ್ರೋಸಿಸ್ಟಿಸ್‌ನಲ್ಲೇ ವಿಷ ಮಾಡುವವೂ ಮಾಡದವೂ ಪಕ್ಕಪಕ್ಕದಲ್ಲೇ ಇರ್ತವೆ. ಕುದಿಸಿದರೂ ಆ ವಿಷ ಹೋಗಲ್ಲ" ಅಂದಳು. 2014ರಲ್ಲಿ ಅಮೆರಿಕದ ಟೊಲೀಡೊದಲ್ಲಿ ಈರೀ ಸರೋವರದ ನೀರನ್ನ ಕುದಿಸಿಯೂ ಕುಡಿಯಬೇಡಿ ಅಂತ ಸಾರಿದ್ದು ಇದಕ್ಕೇ.

ವಾಪಸ್ ಬರುವಾಗ ಬಸ್ಸು ಶರಾವತಿ ಸೇತುವೆಯ ಹತ್ತಿರ ಬಂದಾಗ ಯೋಚನೆ ಬಂತು. ಮೇಲ್ಗಡೆ ಗೇರುಸೊಪ್ಪ ಅಣೆಕಟ್ಟಿನ ನೀರು ಟರ್ಬೈನ್ ತಿರುಗಿಸುತ್ತಾ ಹರೀತಾನೇ ಇರುತ್ತೆ. ಹರಿಯುವ ನೀರಲ್ಲಿ ಇವಕ್ಕೆ ಗುಂಪು ಕಟ್ಟೋಕೆ ಸಮಯ ಸಿಗೋದು ಕಷ್ಟ. ಕುಮಟಾ ಕಡೆಯ ಅಘನಾಶಿನಿಗಂತೂ ದೊಡ್ಡ ಅಣೆಕಟ್ಟೇ ಇಲ್ಲ. ನಮ್ಮದು ನಿಂತ ನೀರು. ಅದಕ್ಕೆ ಊಟ ಹಾಕ್ತಿದ್ದವರು ಯಾರು? ಮನೆಗೆ ಬಂದು ಕೊಟ್ಟಿಗೆ ಹಿಂದೆ ಹೋಗಿ ನೋಡಿದೆ. ಸಗಣಿ ತೊಳೆದ ನೀರು, ಗೋಬರ್ ಗ್ಯಾಸಿನ ಬಗ್ಗಡ, ಎಲ್ಲ ಒಂದೇ ಕಾಲುವೆಯಲ್ಲಿ ಕೆರೆಗೆ! ಮೈಲುತುತ್ತ ಹಾಕಿದ್ದರೆ ಸತ್ತ ಪಾಚಿಯೊಳಗಿನ ರಂಜಕವೂ ಅಲ್ಲೇ ಉಳಿದು, ಕೆಸರಿನಲ್ಲಿ ಮಲಗಿದ್ದವು ಎದ್ದು ಬರ್ತಿದ್ದವು.

ಮಾವ ಒಪ್ಪೋಕೆ ಎರಡು ದಿನ ಬೇಕಾಯ್ತು. "ನಿನ್ನ ಅಜ್ಜನ ಕಾಲದ ಕಾಲುವೆ ಅದು" ಅಂದ್ರು. ಆ ಕಾಲದಲ್ಲಿ ಕೆರೆಯ ಹೂಳನ್ನೂ ತೆಗೀತಿದ್ದರಲ್ಲ ಅಂದೆ. ಸುಮ್ಮನಾದರು. ಮೂರನೇ ದಿನ ಬೆಳಿಗ್ಗೆ ನಾವಿಬ್ಬರೂ ಗುದ್ದಲಿ ಹಿಡಿದು ಕಾಲುವೆಯನ್ನ ಅಡಿಕೆ ತೋಟದ ಕಡೆ ತಿರುಗಿಸಿದೆವು. ನನ್ನ ಕೈ ತುಂಬಾ ಬೊಬ್ಬೆ.

ಈ ವರ್ಷವೂ ಹಸಿರು ಬಂತು. ಕೆಳಗಿನ ಕೆಸರಲ್ಲಿ ಕೂತದ್ದು ಅಷ್ಟು ಬೇಗ ಖರ್ಚಾಗಲ್ಲ. ಮೊನ್ನೆ ಫೋನ್ ಮಾಡಿದಾಗ ಮಾವ, "ಈ ಸಲ ಮೂಲೇಲಿ ಮಾತ್ರ ಇದ್ದು, ಮಳೆಗಾಲದ ಮೊದಲು ಹೂಳು ತೆಗೆಸಕು" ಅಂದ್ರು. ಚೀಲ ಅಟ್ಟದ ಮೇಲೇ ಇದೆಯಂತೆ. ಎಮ್ಮೆಗೆ ಇನ್ನೂ ಬಾವಿ ನೀರು, ಸೇದಿ ಸೇದಿ ಅತ್ತೆಗೆ ಸೊಂಟ ನೋವು.