ನನ್ನೊಡನೆ ನಾನು

ತನ್ನಷ್ಟಕ್ಕೆ ತಾನೇ ಮಾತನಾಡಿಕೊಂಡು ಹೋಗುವವನನ್ನು ಕಂಡರೆ ಜನ ದಾರಿ ಬಿಡುತ್ತಾರೆ. ಬೆನ್ನ ಹಿಂದೆ ನಗುತ್ತಾರೆ. ಆ ನಗೆಗೆ ಅಂಜದೆ ಒಂದು ಮಾತನ್ನು ಒಪ್ಪಿಕೊಳ್ಳುತ್ತೇನೆ. ನಾನೂ ಆ ಗುಂಪಿಗೆ ಸೇರಿದವನು. ನಿಜ ಹೇಳಬೇಕೆಂದರೆ ನಾವೆಲ್ಲರೂ ಸೇರಿದವರೇ. ಕೆಲವರು ತುಟಿಯಾಡಿಸುತ್ತಾರೆ, ಉಳಿದವರು ಆಡಿಸುವುದಿಲ್ಲ, ಅಷ್ಟೇ ಭೇದ.

ಕಳೆದ ವರ್ಷ ಅರ್ಥಶಾಸ್ತ್ರದ ಪರೀಕ್ಷೆಯಲ್ಲಿ ನಾನು ಬಿದ್ದೆ. ಓದಿರಲಿಲ್ಲವೆಂದಲ್ಲ. ಪ್ರಶ್ನಪತ್ರಿಕೆ ಕೈಗೆ ಬಂದೊಡನೆ ಅಂಗೈ ಬೆವರಿತು. ಅಕ್ಷರಗಳು ಇರುವೆಗಳಂತೆ ಹರಿದಾಡಿದವು. ಆಗ ಒಳಗಿನಿಂದ ಒಂದು ದನಿ, "ನನ್ನಿಂದ ಇದು ಆಗದು" ಎಂದಿತು. ಬೇರೆ ಯಾರಾದರೂ ಹಾಗೆಂದಿದ್ದರೆ ಜಗಳವಾಡುತ್ತಿದ್ದೆ. ದನಿ ನನ್ನದೇ ಆದ್ದರಿಂದ ನಂಬಿಬಿಟ್ಟೆ. ಮೂರು ಪುಟ ಗೀಚಿ ಎದ್ದು ಬಂದೆ. ಫಲಿತಾಂಶ ತಿಳಿದ ತಂದೆಯವರು ಬಯ್ಯಲಿಲ್ಲ. "ಇನ್ನೊಮ್ಮೆ ಕಟ್ಟು. ಆಗಲಿಲ್ಲಂದ್ರ ಅಡತಿ ಅಂಗಡ್ಯಾಗ ಲೆಕ್ಕ ಬರಿಯಾಕ ಹೋಗು" ಎಂದಷ್ಟೇ ಹೇಳಿದರು. ಬೈದಿದ್ದರೇ ವಾಸಿಯಾಗಿತ್ತು.

ಗೆಳೆಯನೊಬ್ಬ ಒಂದು ಉಪಾಯ ಹೇಳಿಕೊಟ್ಟ. ದಿನವೂ ಕನ್ನಡಿಯ ಮುಂದೆ ನಿಂತು "ನಾನು ಮಹಾ ಬುದ್ಧಿವಂತ" ಎಂದು ಇಪ್ಪತ್ತು ಸಲ ಹೇಳಬೇಕಂತೆ. ಹೇಳಿದೆ. ಕನ್ನಡಿಯೊಳಗಿನವನು ನಂಬಲಿಲ್ಲ. ಹೇಳಿದಷ್ಟೂ ಬಿದ್ದ ಪರೀಕ್ಷೆಯೇ ನೆನಪಾಯಿತು. ಇದು ನನ್ನೊಬ್ಬನ ಅನುಭವವಲ್ಲವೆಂದು ಆಮೇಲೆ ತಿಳಿಯಿತು. 2009ರಲ್ಲಿ ಕೆನಡಾದ ಮನೋವಿಜ್ಞಾನಿ ಜೋಆನ್ ವುಡ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮ ಬಗ್ಗೆ ತಮಗೇ ಗೌರವ ಕಡಿಮೆಯಿದ್ದವರು ಇಂಥ ಹೊಗಳಿಕೆಯನ್ನು ಹೇಳಿಕೊಂಡಾಗ ಇನ್ನಷ್ಟು ಕುಗ್ಗಿದರಂತೆ.

ಮದ್ದು ದೊರೆತದ್ದು ನಮ್ಮ ಅಡಿಗೆಮನೆಯಲ್ಲಿ. ಬಿತ್ತನೆಯ ದಿನ ಆಳುಗಳಿಗಾಗಿ ಅಜ್ಜಿ ನಲವತ್ತು ಜೋಳದ ರೊಟ್ಟಿ ಬಡಿಯಬೇಕಾಗಿತ್ತು. ಅವಳ ಮಣಿಕಟ್ಟಿನಲ್ಲಿ ನೋವು. ನಾನು ಪುಸ್ತಕ ಹಿಡಿದು ಹೊರಗೆ ಕುಳಿತಿದ್ದೆ. ಒಳಗಿನಿಂದ ಅವಳ ಮಾತು ಕೇಳಿಸಿತು: "ಏ ಮುದುಕಿ, ಇದೊಂದು ರೊಟ್ಟಿ ಬಡಿ. ಮುಂದಿಂದು ಮುಂದ ನೋಡೂಣಂತ." ಅಲ್ಲಿ ಬೇರೆ ಮುದುಕಿ ಇರಲಿಲ್ಲ! ತಾನು ಗಟ್ಟಿಗಿತ್ತಿಯೆಂದು ಅವಳು ಹೇಳಿಕೊಳ್ಳಲಿಲ್ಲ, ನೋವಿಲ್ಲವೆಂದೂ ಹೇಳಲಿಲ್ಲ. ಒಂದು ರೊಟ್ಟಿಯ ಮಾತನ್ನಷ್ಟೇ ಆಡಿದಳು. ನಲವತ್ತೂ ಆದವು.

ಅಂದು ರಾತ್ರಿ ಮೊಬೈಲನ್ನು ಜೋಳದ ಡಬ್ಬಿಯಲ್ಲಿ ಹುಗಿದಿಟ್ಟು ನನಗೆ ನಾನೇ ಹೇಳಿಕೊಂಡೆ: "ತಮ್ಮಾ, ಇದೊಂದು ಪುಟ." ಆ ಪುಟದಲ್ಲಿದ್ದದ್ದು 'ಬೇಡಿಕೆಯ ಸ್ಥಿತಿಸ್ಥಾಪಕತ್ವ'. ಹೆಸರು ಕೇಳಿದರೇ ಜ್ವರ ಬರುವಂಥದು! "ತಮ್ಮಾ, ಉಪ್ಪಿನ ಬೆಲೆ ಏರಿದರೆ ಅಜ್ಜಿ ಉಪ್ಪು ಕೊಳ್ಳುವುದನ್ನು ಬಿಡುತ್ತಾಳೆಯೇ?" "ಇಲ್ಲ." "ಮಾವಿನಹಣ್ಣಿನ ಬೆಲೆ ಏರಿದರೆ?" "ಬಿಡುತ್ತಾಳೆ." "ಅಷ್ಟೇ ಇದು." ಮನಸ್ಸು ಅಲೆಯಲು ಹೋದಾಗ ಗದರಿಸಲಿಲ್ಲ, "ಎಲ್ಲಿದ್ದೆವು?" ಎಂದು ಕೇಳಿ ಕರೆತಂದೆ.

ಇದಕ್ಕೂ ಶಾಸ್ತ್ರದ ಬೆಂಬಲವುಂಟು. 2014ರಲ್ಲಿ ಅಮೆರಿಕದ ಈಥನ್ ಕ್ರಾಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳಲ್ಲಿ, 'ನಾನು' ಎನ್ನದೆ ಹೆಸರು ಹಿಡಿದೋ 'ನೀನು' ಎಂದೋ ತಮ್ಮೊಡನೆ ಮಾತನಾಡಿಕೊಂಡವರು ಒತ್ತಡದ ವೇಳೆ ಕಡಿಮೆ ಕಳವಳಪಟ್ಟರು. ಪರರಿಗೆ ಬುದ್ಧಿ ಹೇಳುವುದು ಸುಲಭವಷ್ಟೆ. ತನ್ನನ್ನು ಕೊಂಚ ಪರನನ್ನಾಗಿ ಮಾಡಿಕೊಂಡರೆ ಆ ಸುಲಭ ತನಗೂ ದಕ್ಕುತ್ತದೆ. ನಮ್ಮ ದಾಸರು ಮನಸ್ಸನ್ನೇ ಕರೆದು ಹಾಡಿದ್ದಾರೆ. ಡಿ.ವಿ.ಜಿ.ಯವರು 1943ರ ತಮ್ಮ ಕಗ್ಗದಲ್ಲಿ 'ಮಂಕುತಿಮ್ಮ'ನನ್ನು ಕರೆದು ಮಾತನಾಡಿದ್ದಾರೆ. ನಮ್ಮವರಿಗೆ ಈ ದಾರಿ ಹೊಸದೇನಲ್ಲ.

ಪರೀಕ್ಷೆಯ ದಿನ ಬಂದಿತು. ಮತ್ತೆ ಅಂಗೈ ಬೆವರಿತು, ಎದೆ ಬಡಿದುಕೊಂಡಿತು. "ಬಡಿಯಲಿ ಬಿಡು ತಮ್ಮಾ. ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿದಾಗಲೂ ಬಡಿದಿರಲಿಲ್ಲವೇ? ಕೈಯೊರಸಿಕೋ. ಬಲ್ಲ ಪ್ರಶ್ನೆ ಒಂದನ್ನು ಬರೆ. ಮುಂದಿಂದು ಮುಂದ ನೋಡೂಣಂತ." ಒಂದು ಬರೆದೆ, ಆಮೇಲೆ ಇನ್ನೊಂದು. ಮೂರು ಗಂಟೆಯ ಗಂಟೆ ಬಾರಿಸಿದಾಗ ನಾನಿನ್ನೂ ಬರೆಯುತ್ತಿದ್ದೆ.

ಬಂದ ಅಂಕಗಳು ಊರಿಗೆ ಹೇಳಿಕೊಳ್ಳುವಷ್ಟೇನಲ್ಲ. ಅಡತಿ ಅಂಗಡಿಯನ್ನು ತಪ್ಪಿಸುವಷ್ಟಿದ್ದವು. ಅಜ್ಜಿಗೆ ಸಿಹಿ ಕೊಟ್ಟು, "ನಿನ್ನಿಂದಲೇ ಕಲಿತೆ, ನೀನು ಒಲೆಯ ಮುಂದೆ ನಿನ್ನೊಡನೆ ಮಾತಾಡುತ್ತೀಯಲ್ಲ, ಅದನ್ನು" ಎಂದೆ.

ಅಜ್ಜಿ ಗಾಬರಿಯಿಂದ ಸುತ್ತ ನೋಡಿದಳು. "ನಾನೇನು ಹುಚ್ಚಿ ಏನೋ ತಮ್ಮಾ? ನಾ ಎಲ್ಲಿ ಮಾತಾಡ್ತೀನಿ?"